ಅಂಗಡಿಯಲ್ಲಿ ಹಾಯೆನಿಸಿದ ಹೆಲ್ಮೆಟ್ ನಿಮ್ಮ ಸೈಜಿನದಲ್ಲ: ತಲೆಗೆ ಸರಿಯಾಗಿ ಕೂರುವುದನ್ನು ಆರಿಸುವ ಬಗೆ

ಹೆಲ್ಮೆಟ್ ಅಂಗಡಿಗಳಲ್ಲಿ ದಿನವಿಡೀ ಕೇಳಿಬರುವ ಮಾತು: "ಇದು ಸ್ವಲ್ಪ ಟೈಟಾಯ್ತು, ಒಂದು ಸೈಜು ದೊಡ್ಡದು ಕೊಡಿ." ಅಂಗಡಿಯವರು ಕೊಡುತ್ತಾರೆ. ಗಿರಾಕಿ ಕನ್ನಡಿ ನೋಡಿಕೊಂಡು, "ಹಾಂ, ಇದು ಆರಾಮಾಗಿದೆ" ಎಂದು ದುಡ್ಡು ಎಣಿಸುತ್ತಾರೆ. ತಿಂಗಳೆರಡು ಕಳೆಯುವಷ್ಟರಲ್ಲಿ ಒಳಗಿನ ಸ್ಪಂಜು ತಗ್ಗಿರುತ್ತದೆ. ಪಕ್ಕದ ರಸ್ತೆ ನೋಡಲು ಕತ್ತು ಹೊರಳಿಸಿದರೆ ತಲೆ ಮೊದಲು ತಿರುಗುತ್ತದೆ, ಹೆಲ್ಮೆಟ್ ಆಮೇಲೆ. ಹಂಪ್ ಮೇಲೆ ಗಾಡಿ ಎಗರಿದಾಗ ಮುಂದಿನ ಅಂಚು ಜಾರಿ ಕಣ್ಣಿಗೆ ಬರುತ್ತದೆ. ಹೆದ್ದಾರಿಯಲ್ಲಿ ಗಾಳಿ ಗದ್ದದ ಕೆಳಗಿಂದ ನುಗ್ಗಿ ಇಡೀ ಹೆಲ್ಮೆಟ್ಟನ್ನು ಮೇಲಕ್ಕೆತ್ತುತ್ತದೆ. ಹೊಸ ಹೆಲ್ಮೆಟ್ ಮೊದಲ ದಿನವೇ ಹಳೆಯ ಚಪ್ಪಲಿಯಷ್ಟು ಹಗುರವಾಗಿ ಒಗ್ಗಿಬಿಟ್ಟರೆ ಅದು ಬಹುಮಟ್ಟಿಗೆ ಒಂದು ಸೈಜು ದೊಡ್ಡದು ಎಂದೇ ತಿಳಿಯಿರಿ.

ಬಿಗಿ ಯಾಕೆ ಬೇಕು?

ಹೆಲ್ಮೆಟ್ಟಿನಲ್ಲಿ ಮೂರು ಪದರಗಳಿರುತ್ತವೆ. ಹೊರಗೆ ಗಟ್ಟಿ ಚಿಪ್ಪು: ಕಡಿಮೆ ಬೆಲೆಯದರಲ್ಲಿ ಎಬಿಎಸ್ ಅಥವಾ ಪಾಲಿಕಾರ್ಬನೇಟ್ ಪ್ಲಾಸ್ಟಿಕ್, ದುಬಾರಿಯದರಲ್ಲಿ ಫೈಬರ್‌ಗ್ಲಾಸ್. ಅದರ ಒಳಗೆ ಇಪಿಎಸ್, ಅಂದರೆ ಟಿವಿ ಪೆಟ್ಟಿಗೆಯೊಳಗೆ ಬರುವ ಥರ್ಮೋಕೋಲಿನ ಜಾತಿಯದ್ದೇ, ಆದರೆ ಅದಕ್ಕಿಂತ ದಟ್ಟವಾದದ್ದು. ತಲೆಗೆ ತಾಗುವುದು ಬಟ್ಟೆ ಹೊದಿಸಿದ ಸ್ಪಂಜು. ಜೀವ ಉಳಿಸುವ ಕೆಲಸದಲ್ಲಿ ದೊಡ್ಡ ಪಾಲು ಆ ನಡುವಿನ ಥರ್ಮೋಕೋಲಿನದು. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ, ತಲೆ ಗಕ್ಕನೆ ನಿಲ್ಲದೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ನಿಲ್ಲುವಂತೆ ಮಾಡುತ್ತದೆ.

ಹೆಲ್ಮೆಟ್ ಸಡಿಲವಾಗಿದ್ದರೆ ಚಿಪ್ಪು ನೆಲಕ್ಕೆ ಬಡಿದು ನಿಂತಾಗಲೂ ಒಳಗಿನ ತಲೆ ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೈಕಿನಿಂದ ಬಿದ್ದವರಿಗೆ ಒಂದೇ ಪೆಟ್ಟು ಬೀಳುವುದು ಅಪರೂಪ. ಮೊದಲು ಎದುರಿನ ವಾಹನ, ಆಮೇಲೆ ರಸ್ತೆ, ಉರುಳಿದ ಮೇಲೆ ಡಿವೈಡರ್. ಸಡಿಲ ಹೆಲ್ಮೆಟ್ ಮೊದಲ ಪೆಟ್ಟಿಗೇ ಹಾರಿಹೋದರೆ ಮುಂದಿನದಕ್ಕೆಲ್ಲ ಬರಿತಲೆಯೇ ಸಿಗುವುದು.

ಅಳತೆ ತೆಗೆಯುವುದು

ಟೈಲರ್ ಟೇಪು ಬೇಕು. ಇಲ್ಲದಿದ್ದರೆ ಹಿಗ್ಗದ ಒಂದು ದಾರ ಮತ್ತು ಸ್ಕೇಲು ಸಾಕು. ಕಬ್ಬಿಣದ ಟೇಪಿನಿಂದ ಆಗದು. ಹುಬ್ಬಿನ ಮೇಲೆ ಸುಮಾರು ಒಂದು ಬೆರಳಗಲ ಬಿಟ್ಟು ಟೇಪನ್ನು ಹಣೆಗೆ ಇಡಿ, ಎರಡೂ ಕಿವಿಗಳ ಮೇಲಿಂದ ಹಾಯಿಸಿ, ಹಿಂದಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ ಸುತ್ತಿ ತನ್ನಿ. ಹಿಂದೆ ಟೇಪು ಕೆಳಗೆ ಜಾರಿದರೆ ಅಳತೆ ಒಂದು ಸೆಂಟಿಮೀಟರಿನಷ್ಟು ಕಡಿಮೆ ಬಂದುಬಿಡುತ್ತದೆ. ಹಾಗಾಗಿ ಇನ್ನೊಬ್ಬರ ಕೈಯಲ್ಲಿ ಅಳೆಸುವುದು ಒಳ್ಳೆಯದು. ಮೂರು ಸಲ ಅಳೆದು, ಬಂದದ್ದರಲ್ಲಿ ದೊಡ್ಡದನ್ನು ಬರೆದಿಟ್ಟುಕೊಳ್ಳಿ.

ಗಾಡಿ ಓಡಿಸುವಾಗ ತಲೆ ಹೇಗಿರುತ್ತದೋ ಹಾಗೆಯೇ ಅಳೆಯಿರಿ. ಹೆಲ್ಮೆಟ್ ಒಳಗೆ ಕರ್ಚೀಫು ಅಥವಾ ಹತ್ತಿಯ ತೆಳು ಟೋಪಿ ಹಾಕುವ ಅಭ್ಯಾಸವಿದ್ದರೆ ಅದನ್ನು ಹಾಕಿಕೊಂಡೇ ಅಳೆಯಬೇಕು. ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಮುಡಿ ಕೊಟ್ಟು ಬಂದ ವಾರದಲ್ಲಿ ಮಾತ್ರ ಹೆಲ್ಮೆಟ್ ಕೊಳ್ಳಲು ಹೋಗಬೇಡಿ. ದಟ್ಟ ಕೂದಲಿನವರಿಗೆ ಆಗ ಸರಿಹೋದ ಹೆಲ್ಮೆಟ್ ಮೂರು ತಿಂಗಳಿಗೆ ತಲೆನೋವು ತರುತ್ತದೆ.

ಇನ್ನು ಸೈಜು ಓದುವುದು. ಎಸ್, ಎಂ, ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ನಂಬಿಕೊಳ್ಳಬೇಡಿ. ಎಲ್ ಎಂದರೆ ಒಂದು ಕಂಪನಿಗೆ 580, ಇನ್ನೊಂದು ಕಂಪನಿಗೆ 600. ಇವು ಮಿಲಿಮೀಟರುಗಳು, ಅಂದರೆ 58 ಮತ್ತು 60 ಸೆಂಟಿಮೀಟರ್. ಎರಡರ ನಡುವೆ ಪೂರ್ತಿ ಒಂದು ಸೈಜಿನ ಅಂತರ. "ನಂದು ಎಲ್ಲೇ, ಅಳೆಯೋದೇನೂ ಬೇಡ" ಎಂದು ಬೇರೆ ಕಂಪನಿಯದನ್ನು ಕೊಂಡವರು ಇಲ್ಲೇ ಎಡವುವುದು. ಒಳಗಿನ ಬಟ್ಟೆಯ ಮೇಲೋ, ಹಿಂದಿನ ಸ್ಟಿಕ್ಕರಿನ ಮೇಲೋ ಇರುವ ಅಂಕಿಯನ್ನು ಹುಡುಕಿ ಓದಿ. ನಿಮ್ಮ ಅಳತೆ ಎರಡು ಸೈಜುಗಳ ನಡುವೆ ಬಂದರೆ ಚಿಕ್ಕದನ್ನೇ ಮೊದಲು ಹಾಕಿ ನೋಡಿ.

ಅಳತೆಯಷ್ಟೇ ಆಕಾರವೂ ಮುಖ್ಯ

ಇದು ಬಹಳ ಜನ ಗಮನಿಸದ ವಿಷಯ. ಇಬ್ಬರ ತಲೆಯ ಸುತ್ತಳತೆಯೂ 58 ಆಗಿರಬಹುದು. ಒಬ್ಬರದು ಮುಂದಿನಿಂದ ಹಿಂದಕ್ಕೆ ಉದ್ದ, ಪಕ್ಕದಿಂದ ಪಕ್ಕಕ್ಕೆ ಕಿರಿದು, ಮಾವಿನಕಾಯಿಯ ಹಾಗೆ. ಇನ್ನೊಬ್ಬರದು ಮೂಸಂಬಿಯ ಹಾಗೆ ದುಂಡು. ಬಹುಪಾಲು ತಲೆಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಕೂದಲನ್ನು ಒದ್ದೆ ಮಾಡಿ ಒತ್ತಿ ಬಾಚಿ, ನೆತ್ತಿಯ ನೇರಕ್ಕೆ ಮೇಲಿನಿಂದ ಒಂದು ಫೋಟೋ ತೆಗೆಸಿಕೊಳ್ಳಿ, ಗೊತ್ತಾಗಿಬಿಡುತ್ತದೆ.

ಉದ್ದ ತಲೆಗೆ ದುಂಡು ಹೆಲ್ಮೆಟ್ ಹಾಕಿದರೆ ಹಣೆ ಮತ್ತು ಹಿಂದಲೆ ಒತ್ತುತ್ತವೆ, ಕಿವಿಯ ಮೇಲ್ಭಾಗದಲ್ಲಿ ಸಡಿಲ. ದುಂಡು ತಲೆಗೆ ಉದ್ದ ಹೆಲ್ಮೆಟ್ ಹಾಕಿದರೆ ಎರಡೂ ಕಣತಲೆಗಳನ್ನು ಇಕ್ಕಳದಲ್ಲಿ ಹಿಡಿದಂತಾಗಿ, ಹಣೆಯ ಮುಂದೆ ಮಾತ್ರ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಇಂಥ ನೋವಿಗೆ "ಒಂದು ಸೈಜು ದೊಡ್ಡದು" ಪರಿಹಾರವೇ ಅಲ್ಲ. ಒತ್ತುವ ಕಡೆ ನೋವು ಸ್ವಲ್ಪ ತಗ್ಗಬಹುದು, ಸಡಿಲ ಇದ್ದ ಕಡೆ ಇನ್ನಷ್ಟು ಸಡಿಲವಾಗುತ್ತದೆ. ಅದೇ ಸೈಜಿನಲ್ಲಿ ಬೇರೆ ಮಾಡೆಲ್, ಬೇಕಾದರೆ ಬೇರೆ ಕಂಪನಿ ನೋಡಬೇಕು. ಆದ್ದರಿಂದ ಒಂದೇ ಕಂಪನಿಯ ಮಳಿಗೆಗಿಂತ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನಾಲ್ಕಾರು ಬ್ರ್ಯಾಂಡ್ ಇಟ್ಟಿರುವ ಅಂಗಡಿಗೆ, ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗುವುದು ಮೇಲು. ಶನಿವಾರ ಸಂಜೆ ಹೋದರೆ 20 ನಿಮಿಷ ಒಂದೇ ಹೆಲ್ಮೆಟ್ ಹಾಕಿಕೊಂಡು ನಿಲ್ಲಲು ಯಾರೂ ಬಿಡುವುದಿಲ್ಲ.

ತಲೆಗೆ ಹಾಕುವ ಮೊದಲು ಒಂದು ನಿಮಿಷ

ಹಿಂಭಾಗದಲ್ಲಿ ಐಎಸ್‌ಐ ಗುರುತು ನೋಡಿ. ಗುರುತಿನ ಮೇಲೆ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯೂ ಇರಬೇಕು. ಸಂಖ್ಯೆ ಇಲ್ಲದ ಬರೀ ಗುರುತು ಯಾರು ಬೇಕಾದರೂ ಅಚ್ಚು ಹಾಕಿಸಿ ಅಂಟಿಸಬಹುದಾದ ಕಾಗದ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ತೋರಿಸುತ್ತದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ತಯಾರಾದ ತಿಂಗಳು, ವರ್ಷ ಕೂಡ ನೋಡಿ. ಎರಡು ಮೂರು ವರ್ಷ ಗೋದಾಮಿನಲ್ಲಿ ಬಿದ್ದಿದ್ದ ಮಾಲನ್ನು ಡಿಸ್ಕೌಂಟಿನಲ್ಲಿ ಕೊಟ್ಟರೂ ಬೇಡ.

ಕಿವಿಯ ಕೆಳಗೆ ಬರದ, ತಲೆಯ ಮೇಲೆ ಚಿಪ್ಪಿನಂತೆ ಕೂರುವ ಟೊಪ್ಪಿ ಹೆಲ್ಮೆಟ್‌ಗಳ ಫಿಟ್ಟಿಂಗ್ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಅವುಗಳೊಳಗೆ ಅನೇಕ ಸಲ ಥರ್ಮೋಕೋಲೇ ಇರುವುದಿಲ್ಲ.

ಹಾಕಿ ನೋಡುವುದು

ಕನ್ನಡಕ ತೆಗೆದಿಡಿ. ಕ್ಲಚ್, ಹೇರ್‌ಪಿನ್, ದೊಡ್ಡ ಓಲೆ ತೆಗೆಯಿರಿ. ಗದ್ದದ ಪಟ್ಟಿಗಳೆರಡನ್ನೂ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ಹೊರಕ್ಕೆ ಅಗಲಿಸಿ, ಹಣೆಯಿಂದ ಶುರುಮಾಡಿ ಹಿಂದಕ್ಕೆ ಇಳಿಸಿ. ಫುಲ್ ಫೇಸ್ ಹೆಲ್ಮೆಟ್ ಕಿವಿ ದಾಟುವಾಗ ಕಷ್ಟಪಟ್ಟೇ ಇಳಿಯಬೇಕು. ಪಟ್ಟಿ ಹಿಡಿದು ಅಗಲಿಸದೆ ಮೇಲಿನಿಂದ ಒತ್ತಿದರೆ ಸರಿಯಾದ ಸೈಜೂ ಚಿಕ್ಕದೆನಿಸುತ್ತದೆ. ಅರ್ಧ ಜನ "ಟೈಟು" ಎಂದು ಹಿಂದಿರುಗಿಸುವುದು ಇದೇ ಕಾರಣಕ್ಕೆ. ಒಳಗೆ ಕಿವಿ ಮಡಚಿಕೊಂಡಿದ್ದರೆ ಬೆರಳು ತೂರಿಸಿ ಬಿಡಿಸಿಕೊಳ್ಳಿ.

ಈಗ ಕನ್ನಡಿ ನೋಡಿ. ಮುಂದಿನ ಅಂಚು ಹುಬ್ಬಿನ ಸ್ವಲ್ಪ ಮೇಲೆ ನೇರವಾಗಿ ಕೂತಿರಬೇಕು. ಮದುವಣಿಗನ ಪೇಟದ ಹಾಗೆ ಹಿಂದಕ್ಕೆ ವಾಲಿ ಹಣೆಯೆಲ್ಲ ಕಾಣುತ್ತಿದ್ದರೆ ಪೂರ್ತಿ ಇಳಿದಿಲ್ಲ, ಇಲ್ಲವೇ ಚಿಕ್ಕದು. ಕೆನ್ನೆಗಳು ಒತ್ತಿ ಮುಂದೆ ಬಂದಿರಬೇಕು. ಬಾಯಲ್ಲಿ ಏನೋ ಅಗಿಯುತ್ತಿರುವ ಹಾಗೆ ದವಡೆ ಆಡಿಸಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ಸ್ವಲ್ಪ ಸಿಕ್ಕಬೇಕು. ಮುಖ ಹಾಸ್ಯಾಸ್ಪದವಾಗಿ ಕಾಣುತ್ತದೆ, ಕಾಣಲಿ. ಗದ್ದವಾಗಲಿ ಮೂಗಾಗಲಿ ಮುಂದಿನ ಕಮಾನಿಗೆ ತಾಗಬಾರದು.

ನಂತರ ಈ ನಾಲ್ಕು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ.

1. ಬೆರಳು: ಹಣೆ ಮತ್ತು ಸ್ಪಂಜಿನ ನಡುವೆ ಕಿರುಬೆರಳು ತೂರಿಸಲು ನೋಡಿ. ಸಲೀಸಾಗಿ ಹೋದರೆ ದೊಡ್ಡದು, ಅಥವಾ ಆಕಾರ ಹೊಂದಿಲ್ಲ.

2. ಅಲುಗಾಟ: ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು, ತಲೆ ಅಲ್ಲಾಡಿಸದೆ, ಎಡಕ್ಕೆ ಬಲಕ್ಕೆ ತಿರುಗಿಸಿ, ಮೇಲೆ ಕೆಳಗೆ ಆಡಿಸಿ. ಹಣೆಯ ಮತ್ತು ಕೆನ್ನೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಎಳೆದುಕೊಂಡು ಬರಬೇಕು. ಚರ್ಮ ಇದ್ದಲ್ಲೇ ಇದ್ದು ಸ್ಪಂಜು ಮಾತ್ರ ಅದರ ಮೇಲೆ ಜಾರಿದರೆ ಪಕ್ಕಕ್ಕಿಡಿ.

3. ಕಳಚುವಿಕೆ: ನಾಲ್ಕರಲ್ಲಿ ಇದೇ ಮುಖ್ಯ, ಇದನ್ನೇ ಯಾರೂ ಮಾಡುವುದಿಲ್ಲ. ಪಟ್ಟಿ ಬಿಗಿದುಕೊಳ್ಳಿ. ತಲೆ ಸ್ವಲ್ಪ ಬಗ್ಗಿಸಿ, ಎರಡೂ ಕೈಗಳನ್ನು ಹಿಂದೆ ಕತ್ತಿನ ಬುಡಕ್ಕೆ ಒಯ್ದು, ಹೆಲ್ಮೆಟ್ಟಿನ ಹಿಂದಿನ ಕೆಳ ಅಂಚನ್ನು ಮೇಲಕ್ಕೂ ಮುಂದಕ್ಕೂ ದೂಡಿ. ಸ್ವಲ್ಪ ಜಗ್ಗಬಹುದು, ಆದರೆ ಹಿಂದಲೆಯ ಉಬ್ಬು ದಾಟಿ ಉರುಳಿ ಬರಬಾರದು. ಬಂದರೆ ರಸ್ತೆಯ ಮೇಲೂ ಬರುತ್ತದೆ. ಪಟ್ಟಿ ಎಷ್ಟೇ ಬಿಗಿಯಾಗಿರಲಿ, ಹೀಗೆ ಕಳಚುವ ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟುಬನ್ನಿ.

4. ಕಾಯುವುದು: ಪಾಸಾದ ಹೆಲ್ಮೆಟ್ಟನ್ನು 20 ನಿಮಿಷ ತೆಗೆಯದೆ ಹಾಕಿಕೊಂಡಿರಿ. ತೆಗೆದ ಕೂಡಲೇ ಹಣೆ ನೋಡಿಕೊಳ್ಳಿ. ಅಗಲವಾಗಿ, ಸಮನಾಗಿ ಕೆಂಪಾಗಿದ್ದರೆ ಒಳ್ಳೆಯ ಲಕ್ಷಣ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ದಿನ ಕಳೆದಂತೆ ಸರಿಹೋಗುವ ಬಿಗಿಯಲ್ಲ. ಗಂಟೆಗಟ್ಟಲೆ ಓಡಿಸಿದಾಗ ಆ ಒಂದು ಜಾಗದಿಂದ ತಲೆನೋವು ಶುರುವಾಗಿ, ಕೊನೆಗೆ ಹೆಲ್ಮೆಟ್ ತಲೆಯಿಂದ ಟ್ಯಾಂಕಿನ ಮೇಲಕ್ಕೆ ಬರುತ್ತದೆ.

ಯಾವ ಬಿಗಿ ಸಡಿಲವಾಗುತ್ತದೆ, ಯಾವುದು ಆಗುವುದಿಲ್ಲ?

ಕೆನ್ನೆಯ ಬಿಗಿ ಸಡಿಲವಾಗುತ್ತದೆ. ಅಲ್ಲಿರುವುದು ದಪ್ಪ ಸ್ಪಂಜು. 15ರಿಂದ 20 ಗಂಟೆ ಓಡಿಸುವಷ್ಟರಲ್ಲಿ ಮುಖದ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಹಣೆ, ನೆತ್ತಿ, ಕಣತಲೆಯ ಕಡೆ ಸ್ಪಂಜು ತೆಳು, ಅದರ ಹಿಂದೆಯೇ ಥರ್ಮೋಕೋಲ್. ಥರ್ಮೋಕೋಲ್ ಒಗ್ಗಿಕೊಳ್ಳುವ ವಸ್ತುವಲ್ಲ. ಹಾಗಾಗಿ ಕೆನ್ನೆ ಬಿಗಿ, ತಲೆ ಸರಿ ಎಂದಾದರೆ ಧೈರ್ಯವಾಗಿ ಕೊಳ್ಳಿ. ತಲೆ ಬಿಗಿಯಾಗಿ ನೋಯುತ್ತಿದೆ, ಕೆನ್ನೆ ಆರಾಮಾಗಿದೆ ಎಂದರೆ ಬೇಡ.

ಮಧ್ಯಮ ಬೆಲೆಯ ಹಲವು ಹೆಲ್ಮೆಟ್‌ಗಳಲ್ಲಿ ಕೆನ್ನೆಯ ಪ್ಯಾಡುಗಳು ಪ್ರೆಸ್ ಬಟನ್‌ಗಳಿಂದ ಬಿಚ್ಚಿ ಬರುತ್ತವೆ. ದಪ್ಪ ಅಥವಾ ತೆಳು ಪ್ಯಾಡು ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಕೆನ್ನೆ ಕಡೆಯ ಹೆಚ್ಚುಕಡಿಮೆಯನ್ನು ಹೀಗೆ ಸರಿಮಾಡಬಹುದು. ತಲೆಯ ಸುತ್ತ ಸಡಿಲವಿದ್ದರೆ ಪ್ಯಾಡು ತುಂಬಿ ಸರಿಮಾಡಲು ಹೋಗಬೇಡಿ, ಸೈಜನ್ನೇ ಬದಲಿಸಿ. ಸ್ಪಂಜು ಎಷ್ಟೇ ಸೇರಿಸಿದರೂ ಅದು ಪೆಟ್ಟು ತಡೆಯುವುದಿಲ್ಲ. ಹಾಗೆಯೇ, ಒತ್ತುವ ಜಾಗದಲ್ಲಿ ಚಮಚದ ಬೆನ್ನಿನಿಂದ ಥರ್ಮೋಕೋಲ್ ತಗ್ಗಿಸುವ ಉಪಾಯವನ್ನು ಹೇಳಿಕೊಡುವವರಿದ್ದಾರೆ. ಅಲ್ಲಿಗೇ ಪೆಟ್ಟು ಬಿದ್ದರೆ ಜಜ್ಜಿಹೋಗಲು ಏನೂ ಉಳಿದಿರುವುದಿಲ್ಲ.

ಪಟ್ಟಿ

ಬಿಗಿದ ಮೇಲೆ ಪಟ್ಟಿ ಮತ್ತು ಗಂಟಲಿನ ನಡುವೆ ಎರಡು ಬೆರಳು ಮಾತ್ರ ಹಿಡಿಯಬೇಕು. ಬಾಯಿ ಅಗಲವಾಗಿ ತೆರೆದರೆ ನೆತ್ತಿಯ ಮೇಲೆ ಹೆಲ್ಮೆಟ್ ಒತ್ತಿದ ಹಾಗಾಗಬೇಕು. ನಮ್ಮಲ್ಲಿ ಹೆಚ್ಚಿನ ಹೆಲ್ಮೆಟ್‌ಗಳಿಗೆ ಬರುವುದು ಟಕ್ ಎಂದು ಕೂರುವ ಪ್ಲಾಸ್ಟಿಕ್ ಲಾಕ್. ಇದರಲ್ಲಿ ಪಟ್ಟಿಯ ಉದ್ದ ದಿನ ದಿನ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ವಾರಕ್ಕೊಮ್ಮೆ ಎಳೆದು ಸರಿಮಾಡಬೇಕು. ಹಲ್ಲುಪಟ್ಟಿಯ ಲಾಕ್ ಇದ್ದರೆ ಕಟಕಟ ಎಂದು ಮೂರು ನಾಲ್ಕು ಹಲ್ಲು ಒಳಗೆ ಹೋಗಬೇಕು, ಒಂದೇ ಹಲ್ಲಿಗೆ ನಿಲ್ಲಿಸಬಾರದು.

ಎರಡು ಉಂಗುರದ ಡಿ-ರಿಂಗ್ ಹೊಸಬರನ್ನು ಗೊಂದಲಗೊಳಿಸುತ್ತದೆ. ಪಟ್ಟಿಯ ತುದಿಯನ್ನು ಎರಡೂ ಉಂಗುರಗಳೊಳಗಿಂದ ತೂರಿಸಿ, ಹೊರಗಿನ ಉಂಗುರದ ಮೇಲೆ ಮಡಚಿ, ಒಳಗಿನ ಉಂಗುರದೊಳಗಿಂದ ಮಾತ್ರ ವಾಪಸ್ ತಂದು ಎಳೆಯಿರಿ. ತುದಿಯಲ್ಲಿರುವ ಚಿಕ್ಕ ಬಟನ್ ಪಟ್ಟಿ ಗಾಳಿಗೆ ಹಾರಾಡದಿರಲಿ ಎಂದು ಇಟ್ಟದ್ದು. ಉಂಗುರಕ್ಕೆ ಹಾಕದೆ ಬರೀ ಬಟನ್ ಒತ್ತಿಕೊಂಡು ಹೊರಡುವವರು ಬೇಕಾದಷ್ಟಿದ್ದಾರೆ.

ಅಂದಹಾಗೆ, ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದದ್ದೇ ಹೆಲ್ಮೆಟ್. ಪಟ್ಟಿ ಹಾಕದೆ ಪೊಲೀಸರ ಕೈಗೆ ಸಿಕ್ಕವರು "ಹಾಕಿದ್ದೀನಲ್ಲ ಸಾರ್" ಎಂದು ವಾದಿಸಿ ಪ್ರಯೋಜನವಿಲ್ಲ. ಕಾಯ್ದೆಯಲ್ಲಿ ದಂಡ 1000 ರೂಪಾಯಿ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕರ್ನಾಟಕ 2019ರಲ್ಲಿ ದಂಡವನ್ನು 500ಕ್ಕೆ ಇಳಿಸಿತು.

ಜಡೆ, ತುರುಬು, ಕನ್ನಡಕ

ಎತ್ತರದ ಜುಟ್ಟು ಮತ್ತು ತುರುಬು ಹೆಲ್ಮೆಟ್ಟಿನೊಳಗೆ ಕೂರುವುದಿಲ್ಲ. ಕೂರಿಸಿದರೆ ಹೆಲ್ಮೆಟ್ ಮುಂದಕ್ಕೆ ವಾಲಿ, ಹಿಂದಲೆಯ ಹಿಡಿತ ಹೋಗುತ್ತದೆ. ಅದಕ್ಕಾಗಿ ದೊಡ್ಡ ಸೈಜು ಕೊಳ್ಳುವುದು ಇನ್ನೂ ತಪ್ಪು. ಕತ್ತಿನ ಬುಡದಲ್ಲಿ, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಬರುವ ಹಾಗೆ ಜಡೆ ಹಾಕಿ. ಮಲ್ಲಿಗೆ ಮುಡಿಯುವುದಿದ್ದರೂ ಅಲ್ಲಿಂದ ಕೆಳಗೆ. ಲೋಹದ ಕ್ಲಿಪ್ಪು ಸ್ಪಂಜಿನ ಮೂಲಕ ತಲೆಗೇ ಒತ್ತುತ್ತದೆ, ಬಿದ್ದಾಗ ಚುಚ್ಚುತ್ತದೆ.

ಕನ್ನಡಕದವರು ಮೊದಲು ಹೆಲ್ಮೆಟ್ ಹಾಕಿ, ಆಮೇಲೆ ಕನ್ನಡಕವನ್ನು ನೇರವಾಗಿ ಒಳಗೆ ತೂರಿಸಬೇಕು. ಕಡ್ಡಿ ತೆಳುವಾಗಿ, ನೇರವಾಗಿದ್ದರೆ ಸಲೀಸು. ಕೆಲವು ಹೆಲ್ಮೆಟ್‌ಗಳ ಪ್ಯಾಡಿನಲ್ಲಿ ಕಡ್ಡಿಗೆಂದೇ ಸಂದಿ ಇರುತ್ತದೆ, ಕೇಳಿ ನೋಡಿ. 20 ನಿಮಿಷದ ಪರೀಕ್ಷೆಯನ್ನು ಕನ್ನಡಕ ಹಾಕಿಕೊಂಡೇ ಮಾಡಿ.

ಶೋರೂಮಿನ ಹೆಲ್ಮೆಟ್, ಆನ್‌ಲೈನ್ ಹೆಲ್ಮೆಟ್

ಹೊಸ ಗಾಡಿಯ ಜೊತೆ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಕೊಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅನೇಕ ಕಡೆ ರಾಶಿಯಿಂದ ಕೈಗೆ ಸಿಕ್ಕ ಒಂದನ್ನು ತೆಗೆದು ಕೊಡುತ್ತಾರೆ. ಡೆಲಿವರಿ ದಿನ ಪೂಜೆ, ನಿಂಬೆಹಣ್ಣಿನ ಗಡಿಬಿಡಿಯಲ್ಲಿ ಸೈಜು ಯಾರೂ ನೋಡುವುದಿಲ್ಲ. ಬುಕ್ ಮಾಡುವಾಗಲೇ ನಿಮ್ಮ ಸೆಂಟಿಮೀಟರ್ ಅಳತೆ ಬರೆಸಿ.

ಆನ್‌ಲೈನಿನಲ್ಲಿ ತರಿಸಿದರೆ ಟ್ಯಾಗು ಕೀಳದೆ, ತಲೆಗೆ ಶುಭ್ರವಾದ ತೆಳು ಬಟ್ಟೆ ಕಟ್ಟಿಕೊಂಡು ನಾಲ್ಕೂ ಪರೀಕ್ಷೆ ಮಾಡಿ. ಎಣ್ಣೆ ಜಿಡ್ಡು ಹತ್ತಿದ ಹೆಲ್ಮೆಟ್ಟನ್ನು ವಾಪಸ್ ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ. ಕೊಳ್ಳುವ ಮೊದಲೇ ನೋಡಬೇಕಾದದ್ದು ಸೈಜು ಬದಲಾವಣೆಗೆ ಎಷ್ಟು ದಿನ ಇದೆ ಎಂಬುದು; ಬರೀ "ದೋಷವಿದ್ದರೆ ಬದಲಾವಣೆ" ಎಂದಿದ್ದರೆ ಸೈಜು ತಪ್ಪಿದ್ದು ದೋಷವೆನಿಸುವುದಿಲ್ಲ.

ಮಕ್ಕಳಿಗೆ

ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ 2023ರ ಫೆಬ್ರವರಿ 15ರಿಂದ ಹೆಲ್ಮೆಟ್ ಜೊತೆಗೆ ಸವಾರರಿಗೆ ಬಿಗಿಯುವ ಸುರಕ್ಷಾ ಬೆಲ್ಟ್ ಕೂಡ ಬೇಕು, ವೇಗ 40 ಕಿ.ಮೀ. ಮೀರಬಾರದು. ಐದಾರು ವರ್ಷದ ಮಗುವಿನ ತಲೆ ಸುಮಾರು 50ರಿಂದ 52 ಸೆಂಟಿಮೀಟರ್. ದೊಡ್ಡವರ ಎಸ್ ಸೈಜು ಕೂಡ ಅದಕ್ಕೆ ಬಕೆಟ್ ಮುಚ್ಚಿದಂತೆ. "ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ" ಎಂಬ ಲೆಕ್ಕ ಯೂನಿಫಾರ್ಮಿಗೆ ಸರಿ, ಇದಕ್ಕಲ್ಲ. ವರ್ಷಕ್ಕೊಮ್ಮೆ ಅಳೆದು ನೋಡಿ. ಮಗು ಅಳುತ್ತದೆಂದು ಪಟ್ಟಿ ಸಡಿಲ ಬಿಡುವ ಬದಲು, ಮನೆಯಲ್ಲಿ ಆಟವಾಡುವಾಗ ದಿನಕ್ಕೆ ಹತ್ತು ನಿಮಿಷ ಹಾಕಿ ಅಭ್ಯಾಸ ಮಾಡಿಸಿ.

ಕೊಂಡ ಮೇಲೆ ಫಿಟ್ಟಿಂಗ್ ಕೆಡುವ ಬಗೆ

ಕನ್ನಡಿಗೆ ಹೆಲ್ಮೆಟ್ ನೇತುಹಾಕುವುದು ಮೊದಲ ಶತ್ರು. ಇಡೀ ಭಾರ ಕನ್ನಡಿಯ ಅಂಚಿನ ಮೇಲೆ ಕೂತು, ಒಳಗಿನ ಸ್ಪಂಜನ್ನೂ ಅದರ ಹಿಂದಿನ ಥರ್ಮೋಕೋಲನ್ನೂ ದಿನ ದಿನ ಒತ್ತುತ್ತದೆ. ವರ್ಷ ತುಂಬಿದ ಇಂಥ ಹೆಲ್ಮೆಟ್ಟಿನ ನೆತ್ತಿಯ ಬಟ್ಟೆ ಬಿಚ್ಚಿ ಬೆರಳಾಡಿಸಿ ನೋಡಿ, ಹೆಬ್ಬೆರಳು ಕೂರುವಷ್ಟು ಗುಳಿ ಸಿಕ್ಕರೆ ಆಶ್ಚರ್ಯವಿಲ್ಲ. ಪಟ್ಟಿಯಿಂದ ಹುಕ್ಕಿಗೆ ಹಾಕಿ, ಅಥವಾ ಕೈಯಲ್ಲೇ ಒಯ್ಯಿರಿ. ಪೆಟ್ರೋಲ್, ಥಿನ್ನರ್ ತಾಗಿದರೆ ಥರ್ಮೋಕೋಲ್ ಕರಗುತ್ತದೆ, ಪಾಲಿಕಾರ್ಬನೇಟ್ ಚಿಪ್ಪು ಬಿರುಕು ಬಿಡುತ್ತದೆ.

ಕೊಬ್ಬರಿ ಎಣ್ಣೆ ಮತ್ತು ಬೆವರು ಸ್ಪಂಜನ್ನು ಬೇಗ ಚಪ್ಪಟೆ ಮಾಡುತ್ತವೆ. ಬಿಚ್ಚಿ ಬರುವ ಪ್ಯಾಡುಗಳನ್ನು ತಿಂಗಳಿಗೊಮ್ಮೆ ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಶಾಂಪೂ ಹಾಕಿ, ಹಿಂಡದೆ ಅದುಮಿ ತೊಳೆದು ನೆರಳಲ್ಲಿ ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೆರಳಲ್ಲಿ ಏನೂ ಒಣಗದು ಎಂಬುದು ನಿಜ. ಫ್ಯಾನಿನ ಕೆಳಗೆ ರಾತ್ರಿಯಿಡೀ ಇಡಿ. ಬಚ್ಚಲ ಒಲೆಯ ಪಕ್ಕ ಬೇಡ, ಬಿಸಿಗೆ ಥರ್ಮೋಕೋಲ್ ಮುದುಡುತ್ತದೆ.

ಒಂದೇ ಹೆಲ್ಮೆಟ್ಟನ್ನು ಮನೆಮಂದಿಯೆಲ್ಲ ಹಾಕಿದರೆ ಸ್ಪಂಜು ಎಲ್ಲರಿಗಿಂತ ದೊಡ್ಡ ತಲೆಯ ಅಳತೆಗೆ ಹಿಗ್ಗಿ, ಉಳಿದವರಿಗೆಲ್ಲ ಸಡಿಲವಾಗುತ್ತದೆ. ತಲೆ ಒಳಗಿದ್ದಾಗ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಗೀರಿಲ್ಲದೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಏನೂ ಆಗದಿದ್ದರೂ ಐದು ವರ್ಷಕ್ಕೆ ಬದಲಿಸಿ, ದಿನಕ್ಕೆ ಎಂಟು ಹತ್ತು ಗಂಟೆ ಡೆಲಿವರಿ ಓಡಿಸುವವರು ಮೂರಕ್ಕೇ.

ಕೊಂಡು ಒಂದು ತಿಂಗಳಾದ ಮೇಲೆ ಕಳಚುವಿಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಆಗ ಕೆನ್ನೆಯ ಪ್ಯಾಡು ಮಾತ್ರ ಸಡಿಲವೆನಿಸಿದರೆ ಒಂದು ಅಳತೆ ದಪ್ಪದ ಪ್ಯಾಡು ಹಾಕಿಸಿ. ಹಿಂದಲೆಯ ಕಡೆಯಿಂದ ಹೆಲ್ಮೆಟ್ ಏಳುತ್ತಿದ್ದರೆ ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋಗಿ, ಚಿಕ್ಕ ಸೈಜು ಕೇಳಿ.